ಮಲಪ್ರಭೆಯ ದಂಡೆಯಿಂದ ನೇರ ವರದಿ

ಯುದ್ಧದ ವರದಿಗೆ ಪ್ರಶಸ್ತಿ ಪಡೆದವಳಿಗೆ ಖಾನಾಪುರದ ಮಳೆ ಯಾವ ಲೆಕ್ಕ ಎಂದುಕೊಂಡಿದ್ದೆ. ವಿದೇಶಿ ರೇಡಿಯೊ ಒಂದರ ವರದಿಗಾರ್ತಿಯಾಗಿ ದೇಶದೇಶಗಳ ಗುಂಡಿನ ಸದ್ದು ಕೇಳಿದ ಕಿವಿ ನನ್ನದು. ಬೆಳಗಾವಿಯ ಶಿವಬಸವ ನಗರದ ಮನೆಗೆ ರಜೆಗೆ ಬಂದಿದ್ದಾಗ ಮಲಪ್ರಭಾ ನದಿ ಉಕ್ಕಿತು. ನೇರ ಪ್ರಸಾರಕ್ಕೆ ಒಪ್ಪಿಕೊಂಡು, ಗಂಡ ಮಲ್ಲಿಕಾರ್ಜುನನ ಜೊತೆ ಖಾನಾಪುರದಲ್ಲಿರುವ ಅವನ ಅಕ್ಕ ಗಂಗಕ್ಕನ ಮನೆಗೆ ಧಾವಿಸಿದೆ.

ನದಿ ನೋಡಿ ಬರುತ್ತೇನೆಂದು ಹೇಳಿ ಹೋದೆ. ಘಾಟಿನ ಮೆಟ್ಟಿಲ ಮೇಲೆ ಚಪ್ಪಲಿ ಕೆಸರಿನಲ್ಲಿ ಕಚ್ಚಿಕೊಂಡಿತು. ಅಲ್ಲೇ ಬಿಟ್ಟು, ಬರಿಗಾಲಲ್ಲಿ ಹಿತ್ತಿಲ ಬಾಗಿಲಿನಿಂದ ಮನೆ ಸೇರಿದೆ. ಯಾರೂ ನೋಡಲಿಲ್ಲ. ಹೆಂಚಿನ ಮೇಲೆ ಮಳೆ ಧೋ ಎನ್ನುತ್ತಿತ್ತು. ನನಗೋ ಸ್ವಚ್ಛ ಧ್ವನಿ ಬೇಕು! ಒಳಕೋಣೆಯ ಕೌದಿಗಳ ರಾಶಿಯೊಳಗೆ ಹೊಕ್ಕು, ತಲೆಯ ಮೇಲೂ ಒಂದನ್ನು ಎಳೆದುಕೊಂಡು ಫೋನ್ ಹಿಡಿದೆ. ಇದು ನಮ್ಮ ವೃತ್ತಿಯ ಹಳೆಯ ಉಪಾಯ.

ಅಷ್ಟರಲ್ಲಿ ಬೀದಿಯಲ್ಲಿ ಗದ್ದಲ.

"ಬಾಈ ಪಾಣ್ಯಾತ ಗೇಲಿ!" ಮರಾಠಿಯಲ್ಲಿ ಯಾರೋ ಕೂಗಿದರು.

"ಖರೇನ ನೀರಿಗಿ ಹೋಗ್ಯಾಳರೀ. ಮೆಟ್ಲ ಮ್ಯಾಲ ಚಪ್ಪಲಿ ಅಷ್ಟ ಅದಾವು," ಎಂದಿತು ಇನ್ನೊಂದು ದನಿ.

ಸುದ್ದಿಗೆ ಎರಡು ಮೂಲಗಳಿರಬೇಕು ಎಂಬುದು ನಮ್ಮ ನಿಯಮ. ಇಲ್ಲಿ ಎರಡು ಭಾಷೆಗಳಲ್ಲೇ ಖಚಿತವಾಗಿತ್ತು.

"ಮಹಿಳೆಯೊಬ್ಬರು ನೀರುಪಾಲಾಗಿರುವ ಶಂಕೆಯಿದೆ," ಎಂದು ಜಗತ್ತಿಗೆ ತಿಳಿಸಿದೆ. "ಚಪ್ಪಲಿಗಳು ಮಾತ್ರ ಸಿಕ್ಕಿವೆ." ಪಾಪ, ಯಾರ ಮನೆಯವಳೋ ಎಂದು ದನಿಯನ್ನೂ ಕೊಂಚ ತಗ್ಗಿಸಿದೆ.

ಪ್ರಸಾರ ಮುಗಿಸಿ ಹೊರಬಂದರೆ, ಜಗಲಿಯಲ್ಲಿ ಗಂಗಕ್ಕ ನನ್ನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು. ನನ್ನನ್ನು ಕಂಡದ್ದೇ ಚಪ್ಪಲಿಗಳನ್ನು ಕೆಳಗೆ ಬಿಟ್ಟಳು.

"ನೀ ಇಲ್ಲೇ ಅದಿ? ಮಲ್ಲ್ಯಾ ನಿನ್ನ ಹುಡಕಾಕ ಹಗ್ಗಾ ಕಟಗೊಂಡು ನೀರಾಗ ಇಳದಾನ..."

ಓಡಿದೆ. ಈಜು ಬಾರದ ಮನುಷ್ಯ ಎದೆಮಟ್ಟದ ಕೆಂಪು ನೀರಿನಲ್ಲಿ ತೂರಾಡುತ್ತಿದ್ದ. ಹಗ್ಗದ ತುದಿ ನೆರೆಯವರ ಕೈಯಲ್ಲಿತ್ತು. ಗಂಟಲು ಹರಿಯುವಂತೆ ಕೂಗಿದೆ. ಖಂಡಾಂತರ ಕೇಳಿಸಿದ ದನಿ ಹತ್ತು ಮಾರು ದಾಟಲಿಲ್ಲ. ಕೊನೆಗೆ ನಾನೂ ಹಗ್ಗ ಹಿಡಿದು ಜಗ್ಗಿದೆ. ದಡಕ್ಕೆ ಬಂದು ಬಿದ್ದ ಅವನು ಏದುಸಿರು ಬಿಡುತ್ತ ನನ್ನನ್ನೇ ನೋಡಿದ.

"ಎಲ್ಲಿದ್ದಿ?"

"ಕೌದ್ಯಾಗ."

ನನ್ನ ಮೇಲಿಂದ ಕಣ್ಣು ತೆಗೆಯದೆ ಅವನು ಸೊಂಟದ ಹಗ್ಗ ಬಿಚ್ಚತೊಡಗಿದ. ಬೈದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ನಮ್ಮ ಸಂಪಾದಕರು.

"ಆ ಮಹಿಳೆ ಸಿಕ್ಕಳೇ?"

"ಸಿಕ್ಕಳು. ಬದುಕಿದ್ದಾಳೆ."

"ಅದ್ಭುತ! ಕೂಡಲೇ ಅವಳ ಸಂದರ್ಶನ ಬೇಕು."

ಗಂಡನ ಮುಖ ನೋಡಿದೆ.

"ಸದ್ಯ ಆಕೆ ಮಾತಾಡುವ ಸ್ಥಿತಿಯಲ್ಲಿಲ್ಲ," ಎಂದೆ.

ಆ ದಿನ ನಾನು ಕೊಟ್ಟ ಏಕೈಕ ಖಚಿತ ವರದಿ ಅದು.