ಮಾಳಿಗಿ ಮ್ಯಾಲಿನ ಫೋನ್ ಶಾಲಿ

ಬಾಗಲಾ ಸ್ವಲ್ಪ ಮುಂದ ಮಾಡ್ರಿ, ಹತ್ರ ಬರ್ರಿ. ನಾ ಹೇಳಿದ್ದು ನಿಮ್ಮ ಹೊಟ್ಟ್ಯಾಗ ಇರಬೇಕು. ನನಗ ಇನ್ನೊಬ್ಬರ ಮನಿ ಸುದ್ದಿ ಬೇಕಾಗಿಲ್ಲ. ಆದ್ರ ಅವರ ಮಾಳಿಗಿಗೂ ನಮ್ಮ ಮಾಳಿಗಿಗೂ ನಡುವ ಇರೂದು ಎದಿಮಟದ ಗ್ವಾಡಿ ಒಂದ. ಕಿವಿ ಮುಚಗೊಂಡು ಕುಂಡ್ರಾಕ ಆಗತೈತೇನ್ರಿ? ಬೆಟಗೇರಿಯ ನಮ್ಮ ಓಣಿಗೆ ಈ ಫೋನಿನ ಶಾಲಿ ಬಂದಾಗಿನಿಂದ ಒಂದಿಲ್ಲೊಂದು ನಡದ ಇರತೈತಿ.

ಸುದ್ದಿ ಪಕ್ಕದ ಮನಿದು. ಆ ಮನಿ ಅತ್ತಿ, ನಾನು ವಯಸ್ಸಿನಾಗ ಒಂದ ವಾರಿಗಿಯವರು. ಆಕಿ ಸೊಸಿ ಶಿರಹಟ್ಟಿಯಾಕಿ, ಮದುವಿ ಗದ್ದಲದಾಗ ಬಿ.ಎ. ಅರ್ಧಕ್ಕ ಬಿಟ್ಟಿದ್ಳು. ಈಗ ಕಾಲೇಜಿಗೆ ಹೋಗೂದ ಬ್ಯಾಡಂತ, ಫೋನಿನ್ಯಾಗ ಪಾಠ ಕೇಳಿ ಪರೀಕ್ಷಾ ಕಟ್ಟಿದ್ರ ಆತಂತ. ಅತ್ತಿ ಹೂಂ ಅಂದ್ಳು. ಆದ್ರ ನಮ್ಮ ಕಟ್ಟಿಮ್ಯಾಲ ಕುಂತು, ನನಗೂ ಕೇಳೂ ಹಂಗ ಸೊಸಿಗೆ ಹೇಳಿದ್ಳು: "ಓಣ್ಯಾಗ ಒಂದ ಮಾತು ಎದ್ದಿತಂದ್ರ ಅವತ್ತಿಗೆ ನಿನ್ನ ಓದು ಬಂದ್."

ಓಣ್ಯಾಗಿನ ಮಾತು ಅಂದ್ರ ಯಾರದ್ರಿ? ನಂದ. ಆ ಹುಡುಗಿ ಮರುದಿನದಿಂದ ನನಗ ಬಿಸಿ ರೊಟ್ಟಿ ತಂದುಕೊಡಾಕ ಸುರು ಮಾಡಿದ್ಳು.

ಮಾಸ್ತರಗ ಚಹಾ

ಮೊದಲನೇ ದಿನಾ ಸೊಸಿ ಫೋನನ್ನ ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟಳು. ಅದರಾಗ ಕನ್ನಡಕದ ಮಾಸ್ತರೊಬ್ಬ ಮಾತಾಡಾಕ ಹತ್ತಿದ. ಗಂಡಸು ಮನಿಗೆ ಬಂದಾನಂದ ಮ್ಯಾಲ ಅತ್ತಿ ಸುಮ್ಮನಿದ್ದಾಳೇನು? ತಲಿಮ್ಯಾಲ ಸೆರಗ ಹೊತ್ತು, ಚಲೋ ಕಪ್ಪು-ಬಸಿ ತೊಳದು, ಚಹಾ ತಂದು ಫೋನಿನ ಮುಂದಿಟ್ಟು, ತಗೋರಿ ಅಂದ್ಳು. ಆಂವ ತಿರುಗಿ ನೋಡಲಿಲ್ಲ. ಸೊಸಿ ನಕ್ಕೋತ, ಇದು ಎಂದೋ ಹಿಡದಿಟ್ಟ ಪಾಠ, ಅವರಿಗೆ ನಾವು ಕಾಣಂಗಿಲ್ಲ ಅಂತ ತಿಳಿಸಿ ಹೇಳಿದ್ಳು. ಅತ್ತಿ ನಂಬಲಿಲ್ಲ. ಇಷ್ಟೊತ್ತು ನಮ್ಮ ಕಡೆನ ನೋಡಿ ಮಾತಾಡಿದಾಂವಗ ನಾವು ಕಾಣಂಗಿಲ್ಲಂದ್ರ? ಆರಿ ಹೋಗತೈತಿ, ತಗೋರಿ ಅಂತ ಮತ್ತೊಮ್ಮೆ ಅಂದ್ಳು. ಅಷ್ಟೊತ್ತಿಗೆ ಪಾಠ ಮುಗದು ಮಾಸ್ತರ ಕೈ ಮುಗದ: "ಉಳಿದದ್ದನ್ನು ಮುಂದಿನ ವಾರ ನೋಡೋಣ."

ಆ ಚಹಾ ನನಗ ಕುಡಿಸಿ ಅತ್ತಿ ಅಂದ್ಳು, ಮುಂದಿನ ವಾರ ಬರತಾನಂತ, ಹಾಲು ಜಾಸ್ತಿ ತರಸಬೇಕು.

ಮುಖಾ ತೋರಸ್ರಿ

ಪಾಠ ಎರಡ ನಮೂನಿ. ಹಿಡದಿಟ್ಟದ್ದು ಒಂದು, ಆಗಿಂದಾಗ ಮಾತಾಡೂದು ಇನ್ನೊಂದು. ಮಾತಾಡೂ ಪಾಠಕ್ಕ ಮನ್ಯಾಗ ನೆಟ್‌ವರ್ಕ್ ಸಾಲಂಗಿಲ್ಲ. ಸಿಗೂದು ಮಾಳಿಗಿಮ್ಯಾಲ, ಅದೂ ನಮ್ಮ ಗ್ವಾಡಿಗೆ ಬೆನ್ನ ಹಚ್ಚಿ ಕುಂತ್ರ. ಸಂಜಿ ಆದ ಕೂಡಲೇ ಆಕಿ ಅಲ್ಲಿ. ಮೆಣಸಿನಕಾಯಿ ಒಣಗಸಾಕ ನಾನೂ ಅಲ್ಲಿ. ಸಂಜಿಮುಂದ ಯಾರ ಮೆಣಸಿನಕಾಯಿ ಒಣಗಸ್ತಾರ ಅಂತ ಕೇಳಬ್ಯಾಡ್ರಿ.

ಒಂದಿನ ಫೋನಿನಿಂದ ಗಂಡಸಿನ ದನಿ ಬಂತು: "ಕ್ಯಾಮೆರಾ ಹಚ್ಚರಿ, ಮುಖಾ ತೋರಸ್ರಿ." ಮಂದಿ ಮನಿ ಸೊಸಿಗೆ ಹಿಂಗ ಹೇಳೂದೇನ್ರಿ? ಆಕಿನೂ ಸೆರಗ ಸರಿ ಮಾಡಕೊಂಡು ತೋರಿಸೇಬಿಟ್ಳು. ನಾ ಹಿಂದಿನಿಂದ ಹಣಿಕಿ ಹಾಕಿದೆ. ಕಡ್ಡಿಪೆಟಿಗಿಯಷ್ಟು ಖಾನೇದಾಗ ಒಂದೊಂದು ಮುಖಾ, ಎಲ್ಲಾ ವಯಸ್ಸಿನ ಹೆಣಮಕ್ಕಳು. ಯಾರ ಕೊಳ್ಳಾಗ ಏನೈತಿ ಅಂತ ನೋಡಾಕೂ ಆಗಲಿಲ್ಲ, ಅಷ್ಟ ಸಣ್ಣ.

ತುಪ್ಪದ ಗಡಗಿ

ಆದ್ರ ಪಾಠ ಖರೇನ ಚಲೋ ಇರತಿತ್ತು. ನಾ ಎರಡನೇತ್ತಕ್ಕ ಶಾಲಿ ಬಿಟ್ಟಾಕಿ, ನನಗೂ ತಿಳೀತಿತ್ತು. ಮುಂದೇನು ಹೇಳತಾನೋ ಅಂತ ಮಧ್ಯಾಹ್ನದಿಂದ ಜೀವ ಎಳೀತಿತ್ತು. ಒಂದ ಸಂಜಿ ಮಾಸ್ತರ, ಕೂಡಿದ ಮನಿ ಯಾಕ ಒಡೀತೈತಿ ಅಂತ ಕೇಳಿದ. ಬಿ.ಎ. ಓದೂವರೊಳಗ ಒಬ್ಬಾಕಿನೂ ಪಿಟ್ ಅನ್ನಲಿಲ್ಲ. ನನಗ ತಡಕೊಳ್ಳಾಕ ಆಗಲಿಲ್ಲ. ಬಗ್ಗಿ ಸೊಸಿ ಕಿವ್ಯಾಗ ಹೇಳಿದೆ: "ತುಪ್ಪದ ಗಡಗಿ ಯಾರ ಕೈಯಾಗ ಇರಬೇಕು ಅನ್ನೂದಕ್ಕ ಒಡೀತೈತಿ ಅನ್ನ."

ಆಕಿ ಬಾಯಿ ತಗಿಯೂದ್ರಾಗ ಫೋನಿನ್ಯಾಗ ಎಲ್ಲಾರೂ ಗೊಳ್ ಅಂತ ನಕ್ಕರು. ಉತ್ತರಾ ಬರೋಬ್ಬರಿ ಐತಿ ಅಂತ ಮಾಸ್ತರನೂ ನಕ್ಕ. ಉತ್ತರಾ ನಂದು, ಕೆಂಪಾಗಿದ್ದು ಆಕಿ ಮುಖಾ. ಅಲ್ಲೇ ನನಗ ಸಂಶೆ ಬಂತು.

ಎದುರಿಗೆ ಅಂದದ್ದು

ಪರಗಂಡಸು ನಗತಾನ, ಈಕಿ ಕೆಂಪಾಗತಾಳ. ರೊಟ್ಟಿ ಋಣಾ ಒಂದ ಕಡೆ, ಮನಿತನದ ಮರ್ಯಾದಿ ಒಂದ ಕಡೆ. ಹೋಗಿ ಅತ್ತಿ ಮುಂದ ಎಲ್ಲಾ ಹೇಳಿದೆ. ಮುಖಾ ತೋರಿಸಿದ್ದು, ನಕ್ಕದ್ದು, ಕೆಂಪಾಗಿದ್ದು, ಒಂದೂ ಬಿಡಲಿಲ್ಲ. ಒಲಿ ಮುಂದ ಸೊಸಿ ರೊಟ್ಟಿ ಬಡಿಯೂದು ನಿಲ್ಲಿಸಿದ್ಳು. ಪರೀಕ್ಷಾ ಹತ್ರ ಬಂದಿತ್ತು. ಹಿಟ್ಟಿನ ಕೈಲೇ ಕಣ್ಣು ಒರಸಿಕೊಂಡ್ಳು.

ಅತ್ತಿ ಜ್ವಾಳಾ ಹಸನ ಮಾಡೂ ಮರಾ ಬಾಜೂಕ ಇಟ್ಟು, ನನ್ನ ಮುಖಾ ನೋಡಿ ಅಂದ್ಳು:

"ಆ ಮಾಳಿಗಿ ಪಾಠಾನೂ ಹಿಡದಿಡತಾರವ್ವಾ. ಸೊಸಿ ನನಗ ಎಲ್ಲಾ ತೋರಿಸ್ಯಾಳ. ಆಕಿ ಬೆನ್ನ ಹಿಂದ ಗ್ವಾಡಿಮ್ಯಾಲ ದಿನಾ ನಿನ್ನ ತಲಿ ಐತಿ. ನೀ ಲಕ್ಷ್ಮೇಶ್ವರಕ್ಕ ಮಗಳ ಮನಿಗೆ ಹೋದ ದಿನಾ, ಅಜ್ಜಿಗೆ ಆರಾಮ ಇಲ್ಲೇನು ಅಂತ ಮಾಸ್ತರ ಕೇಳ್ಯಾನ. ಈಗ ನಿನ್ನ ಮಾತ ಕೇಳಿ ಓದು ಬಂದ್ ಮಾಡಿದ್ರ, ಪಾಪ, ನಿನ್ನ ಶಾಲಿನೂ ಬಂದ್ ಆಗತೈತಿ. ಏಳ, ಸಂಜಿ ಆತು. ಮೆಣಸಿನಕಾಯಿ ತಗೊಂಡು ಮ್ಯಾಲ ಹೋಗ, ಹಾಜರಿ ತಗೊಳ್ಳೂ ಹೊತ್ತಾತು."