ಬಳೆ ಹೆಚ್ಚಿದ ದಾರಿ

ಟಾರು ರಸ್ತೆಯಲ್ಲಿ ಗಾಡಿ ಓಡಿಸುವುದು ಒಂದು ಓಡಿಸುವುದೇ ಅಲ್ಲ, ಅದನ್ನು ಯಾರು ಬೇಕಾದರೂ ಮಾಡುತ್ತಾರೆ ಎಂದು ನಾನು ಊಟದ ಮುಂದೆ ಕೂತು ಘೋಷಿಸಿದೆ. ಈ ಘೋಷಣೆಯನ್ನು ಕೇಳಿದವಳು ನನ್ನ ಹೆಂಡತಿ ಸುಚಿತ್ರಾ ಒಬ್ಬಳೇ. ಅವಳು ಸಾರು ಬಡಿಸುತ್ತಾ, ಟಾರು ರಸ್ತೆಯಲ್ಲಿ ಹೋದರೆ ಹೊನ್ನಾಳಿಯಿಂದ ಕಣಿವೆಹಟ್ಟಿಗೆ ಮುಕ್ಕಾಲು ಗಂಟೆ ಸಾಕು ಎಂದಳು. ಇವಳಿಗೆ ಇತಿಹಾಸ ಪ್ರಜ್ಞೆ ಕಡಿಮೆ ಎಂದುಕೊಂಡು ನಾನು ಅನ್ನ ಕಲಸಿದೆ.

ಇತಿಹಾಸ ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾನು ಸರ್ವೆ ಕಚೇರಿಯ ನೌಕರ. ಇಪ್ಪತ್ತಾರು ವರ್ಷ ಬೇರೆಯವರ ಹೊಲದ ಗಡಿ ಅಳೆದೂ ಅಳೆದೂ ಸೊಂಟ ಹಿಡಿಸಿಕೊಂಡಿದ್ದೇನೆಯೇ ಹೊರತು ಸ್ವಂತಕ್ಕೆಂದು ಒಂದು ಸಾಹಸವನ್ನೂ ಮಾಡಿದವನಲ್ಲ. ಹೀಗಿರುವಾಗ ಒಂದು ದಿನ ಹಳೆಯ ನಕ್ಷೆಯಲ್ಲಿ ಗುಡ್ಡದ ಈ ಕಡೆಯಿಂದ ಆ ಕಡೆಯ ಕಣಿವೆಹಟ್ಟಿಗೆ ಎರಡು ಸಾಲು ಚುಕ್ಕಿ ಹತ್ತಿ ಇಳಿದಿರುವುದು ಕಣ್ಣಿಗೆ ಬಿತ್ತು. ಪಕ್ಕದಲ್ಲಿ ದುಂಡಾದ ಅಕ್ಷರದಲ್ಲಿ 'ಬಂಡಿದಾರಿ' ಎಂದು ಬರೆದಿತ್ತು. ಪಾಳೆಯಗಾರರ ಕಾಲದಲ್ಲಿ ಬೆಲ್ಲ, ಮೆಣಸಿನಕಾಯಿ ಹೇರಿದ ಬಂಡಿಗಳು ಸಾಲುಗಟ್ಟಿ ದಾಟುತ್ತಿದ್ದ ಕಣಿವೆ ಅದು ಎಂದು ಕಚೇರಿಯ ಹಿರಿಯರೊಬ್ಬರು ಹೇಳಿದರು. ಮರುವಾರವೇ ಚನ್ನಗಿರಿಯಲ್ಲಿ ಯಾರೋ ಕಂಟ್ರಾಕ್ಟರು ತನ್ನ ಹಳೇ ಫೋರ್ ವೀಲ್ ಜೀಪು ಮಾರುತ್ತಿರುವ ಸುದ್ದಿ ಬಂತು. ಒಂದು ಕೈಯಲ್ಲಿ ನಕ್ಷೆ, ಇನ್ನೊಂದು ಕೈಯಲ್ಲಿ ಜೀಪು! ವಿಧಿ ಇಷ್ಟು ಸ್ಪಷ್ಟವಾಗಿ ಹೆಸರು ಹಿಡಿದು ಕರೆದಾಗ ಒಲ್ಲೆ ಎನ್ನಲು ನಾನೇನು ಸನ್ಯಾಸಿಯೇ?

ಜೀಪಿಗೆ ಎರಡು ಗೇರ್ ಕಡ್ಡಿ. ದೊಡ್ಡದು ಎಲ್ಲರ ಗಾಡಿಯಲ್ಲೂ ಇರುವಂಥದ್ದು. ಚಿಕ್ಕದನ್ನು ಎಳೆದರೆ ನಾಲ್ಕೂ ಗಾಲಿ ಒಟ್ಟಿಗೆ ಎಳೆದು ಗೋಡೆಯನ್ನಾದರೂ ಹತ್ತುತ್ತದೆ ಎಂದು ಮಾರಿದವನು ಹೇಳಿದ. ಹತ್ತಿದ ಮೇಲೆ ಇಳಿಯುವುದು ಹೇಗೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಸಾಹಸಕ್ಕೆ ನಾನು ಆರಿಸಿಕೊಂಡ ದಿನವಾದರೂ ಯಾವುದು? ಕಣಿವೆಹಟ್ಟಿಯಲ್ಲಿ ಸಂಘಮಿತ್ರಾಳ ಕುಬಸದ ದಿನ. ಸಂಘಮಿತ್ರಾ ಸುಚಿತ್ರಾಳ ಅಕ್ಕನ ಮಗಳು. ಅಕ್ಕ ತೀರಿಕೊಂಡು ಒಂಬತ್ತು ವರ್ಷವಾಯಿತು. ಆ ಹುಡುಗಿಗೆ ಈಗ ತವರೆಂದರೆ ನಮ್ಮ ಮನೆ, ತಾಯಿಯೆಂದರೆ ಸುಚಿತ್ರಾ. ಏಳು ತಿಂಗಳ ಬಸುರಿಗೆ ತವರಿನವರು ಬಂದು ಹಸಿರು ಸೀರೆ ಉಡಿಸಬೇಕು, ಕೈ ತುಂಬ ಹಸಿರು ಬಳೆ ತೊಡಿಸಬೇಕು, ಬಂದ ಮುತ್ತೈದೆಯರಿಗೂ ಬಳೆ ಹಂಚಬೇಕು. ಹೊತ್ತು ನೆತ್ತಿಗೆ ಬರುವುದರೊಳಗೆ ಇದೆಲ್ಲ ಆಗಬೇಕೆಂದು ಬೀಗಿತಿ ಉಡಚಮ್ಮನವರು ಮೂರು ಸಲ ಫೋನ್ ಮಾಡಿದ್ದರು. ಸುಚಿತ್ರಾ ಎರಡು ದಿನ ಹೊನ್ನಾಳಿ ಪೇಟೆ ಸುತ್ತಿ, ಒಂದೊಂದೇ ಬಳೆಯನ್ನು ಬೆಳಕಿಗೆ ಹಿಡಿದು ನೋಡಿ, ಹನ್ನೆರಡು ಡಜನ್ ಆರಿಸಿ ತಂದಿದ್ದಳು.

"ಅಕ್ಕ ಇದ್ದಿದ್ರೆ ಹೆಂಗೆ ತರ್ತಿದ್ಲೋ ಹಂಗೇ ತಗಂಡು ಹೋಗ್ಬೇಕು ರೀ" ಎಂದಳು. ಆ ಮಾತು ನನ್ನ ಮನಸ್ಸಿಗೂ ನಾಟಿತು. ನಾಟಿದರೂ ಬುದ್ಧಿ ಬರಲಿಲ್ಲ, ಅದು ಬೇರೆ ವಿಷಯ.

ಶನಿವಾರ ಬೆಳಿಗ್ಗೆ ಏಳಕ್ಕೆ ಹೊರಟೆವು. ಬಳೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತೇನೆ ಎಂದು ಅವಳು ಹಟ ಹಿಡಿದಳು. ತೊಡೆ ಅಲುಗುತ್ತದೆ, ಕಬ್ಬಿಣ ಅಲುಗುವುದಿಲ್ಲ ಎಂದು ನಾನು ತರ್ಕ ಹೂಡಿದೆ. ಡಬ್ಬಿಯನ್ನು ಅವಳ ಕೈಯಿಂದ ಕಿತ್ತುಕೊಂಡು ಹಿಂದುಗಡೆ ಸ್ಟೆಪ್ನಿಗೂ ಜಾಕಿಗೂ ನಡುವೆ ಭದ್ರವಾಗಿ ಸಿಕ್ಕಿಸಿದೆ. ಟಾರು ರಸ್ತೆ ಬಿಟ್ಟು ಎಡಕ್ಕೆ ತಿರುಗುವಾಗ ಅವಳು ಬಸ್ಸೊಂದು ನೆಟ್ಟಗೆ ಹೋಗುವುದನ್ನೇ ನೋಡುತ್ತಿದ್ದಳು.

ಮೊದಲ ಎರಡು ಕಿಲೋಮೀಟರು ದಾರಿ ದಾರಿಯಂತೆಯೇ ಇತ್ತು. ಮೆಕ್ಕೆಜೋಳದ ಹೊಲಗಳು ಮುಗಿದು ಗುಡ್ಡದ ಬುಡ ಬಂತು. ಲಂಟಾನದ ಪೊದೆಯ ನಡುವೆ ಹಾಸುಬಂಡೆ ಕಂಡಿತು. ಬಂಡೆಯ ಮೇಲೆ ನೂರಾರು ವರ್ಷ ಬಂಡಿಯ ಗಾಲಿ ಉರುಳಿ ಸವೆದ ಎರಡು ಆಳವಾದ ಗೀರು! ನಾನು ಜೀಪು ನಿಲ್ಲಿಸಿ, ಇಳಿದು, ಆ ಗೀರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಸುಚಿತ್ರಾ ಗಡಿಯಾರ ನೋಡಿಕೊಂಡಳು.

ಅಲ್ಲೇ ಎಡವಟ್ಟಾದದ್ದು. ಎತ್ತಿನ ಬಂಡಿಯ ಗಾಲಿಗಳ ನಡುವಿನ ಅಗಲವೇ ಬೇರೆ, ಜೀಪಿನದೇ ಬೇರೆ. ಇಪ್ಪತ್ತಾರು ವರ್ಷ ತಾಲ್ಲೂಕನ್ನೆಲ್ಲ ಅಳೆದವನು ಇದೊಂದನ್ನು ಅಳೆದಿರಲಿಲ್ಲ. ಎಡಗಡೆಯ ಗಾಲಿ ಗೀರಿನೊಳಗೆ ಇಳಿದರೆ ಬಲಗಡೆಯದು ಬಂಡೆಯ ಮೇಲೆ. ಜೀಪು ವಾಲಿಕೊಂಡೇ ಹತ್ತಿತು. ನಾನು ಸುಚಿತ್ರಾಳ ಮೇಲೆ ಬಿದ್ದೆ, ಗೀರು ಬದಲಾದಾಗ ಸುಚಿತ್ರಾ ನನ್ನ ಮೇಲೆ ಬಿದ್ದಳು. ಮದುವೆಯಾದ ಹೊಸದರಲ್ಲೂ ನಾವು ಇಷ್ಟು ಹತ್ತಿರವಾಗಿರಲಿಲ್ಲ ಎಂದೆ. ಅವಳು ನಗಲಿಲ್ಲ. ಸೊಂಟ ನೋಯುತ್ತಿದ್ದುದರಿಂದ ನಾನೂ ನಗಲಿಲ್ಲ.

ಹಿಂದುಗಡೆಯಿಂದ ಮೊದಲ ಏರಿನಲ್ಲಿ ಘಲ್ ಘಲ್ ಎಂದಿತು. ಶುಭಶಕುನ ಎಂದುಕೊಂಡೆ. ಎರಡನೆಯ ಏರಿನಲ್ಲಿ ಝಲ್ ಎಂದಿತು. ಮೂರನೆಯದರಲ್ಲಿ ಜಾಕಿಯ ಸದ್ದು ಮಾತ್ರ ಕೇಳಿಸಿತು. ಬಳೆಯ ಸದ್ದೇ ಇಲ್ಲವಲ್ಲ ಎಂದು ಅವಳು ಆತಂಕಪಟ್ಟಾಗ, ಒತ್ತಾಗಿ ಕೂತಿವೆ ಎಂದು ಸಮಾಧಾನ ಹೇಳಿದವನೂ ನಾನೇ.

ಒಂಬತ್ತೂವರೆಗೆ ಕಣಿವೆಯ ನೆತ್ತಿ ಮುಟ್ಟಿದೆವು. ಹ್ಯಾಂಡ್ ಬ್ರೇಕು ಹಿಡಿಯದ ಕಾರಣ ಸುಚಿತ್ರಾ ಇಳಿದು ಗಾಲಿಗೆ ಕಲ್ಲು ಕೊಟ್ಟಳು. ಹಾಗೇ ಹಿಂದೆ ಹೋಗಿ ಡಬ್ಬಿ ತೆಗೆದಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗಿಂದ ಸಕ್ಕರೆ ಡಬ್ಬಿಯ ಸದ್ದು ಬಂತು.

ಅವಳು ಬೈಯಲಿಲ್ಲ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಒಂದು ಕಲ್ಲಿನ ಮೇಲೆ ಕೂತಳು. "ಆ ಹುಡುಗಿ ಮುಂದೆ ಬರಿಗೈಯಾಗೆ ಹೆಂಗೆ ನಿಲ್ಲಲಿ?" ಎಂದು ಮೆಲ್ಲಗೆ ಅಂದಳು. ಬೈದಿದ್ದರೆ ನಾಲ್ಕು ಮಾತು ತಿರುಗಿ ಹೇಳಿ ಹಗುರಾಗುತ್ತಿದ್ದೆ. ಹಾಗೆ ಕೂತದ್ದನ್ನು ನೋಡಿ ನನಗೆ ನನ್ನ ಮೇಲೇ ಅಸಹ್ಯವಾಯಿತು.

ಆಗ ಅವಳಿಗೇ ನೆನಪಾಯಿತು. ಬಳೆಗಾರ್ತಿ ಬಂಗಾರಮ್ಮ ಬೆಳಿಗ್ಗೆಯೇ ಕಣಿವೆಹಟ್ಟಿಗೆ ಬಂದಿದ್ದಾಳೆಂದು ಉಡಚಮ್ಮ ಹೇಳಿದ್ದರಂತೆ. ಹೆಸರು ಬಂಗಾರಮ್ಮ, ಮಾರುವುದು ಗಾಜು. ಅವಳನ್ನು ಅಲ್ಲೇ ನಿಲ್ಲಿಸಿಕೊಂಡರೆ ಮಾನ ಉಳಿಯುತ್ತಿತ್ತು. ಸುಚಿತ್ರಾಳ ಫೋನು ಸತ್ತಿತ್ತು, ನನ್ನದರಲ್ಲಿ ಒಂದು ಗೆರೆ ಸಿಗ್ನಲ್ ಇತ್ತು.

"ನೀವೇ ಮಾಡ್ರಿ. ಆದ್ರೆ ಒಡೆದಾವೆ ಅಂತ ಮಾತ್ರ ಬಾಯಿ ಬಿಡಬ್ಯಾಡ್ರಿ, ಬಸುರಿ ಇರೋ ಮನೆ. ಹೆಚ್ಚಿದಾವೆ ಅನ್ರಿ" ಎಂದು ಎಚ್ಚರಿಸಿದಳು.

ನಮ್ಮ ಕಡೆಯ ಹಿರಿಯರ ಮಾತೇ ಹಾಗೆ. ದೀಪ ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ಕೆಟ್ಟದ್ದನ್ನು ಹೆಸರು ಹಿಡಿದು ಕರೆದರೆ ಅದು ಬಂದು ಜಗಲಿಯ ಮೇಲೆ ಕೂರುತ್ತದೆ ಎಂಬ ಭಯ.

ಫೋನೆತ್ತಿದವನು ಸಂಘಮಿತ್ರಾಳ ಗಂಡ ಭೀಮೇಶ. ದಾವಣಗೆರೆಯ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುವ ಹುಡುಗ. ನಾನು ಒಂದೇ ಉಸಿರಿಗೆ, "ಭೀಮೇಶಪ್ಪ, ಬಳೆ ಎಲ್ಲಾ ಹೆಚ್ಚಿದಾವೆ. ಬಂಗಾರಮ್ಮಗೆ ಒಂದು ಮಾತು ಹೇಳಿಬಿಡು" ಎಂದೆ.

"ಹೌದಾ ಮಾವ? ಒಳ್ಳೇದೇ ಆತು ಬಿಡ್ರಿ. ಈಗ್ಲೇ ಹೇಳ್ತೀನಿ" ಎಂದ. ಲೈನು ಕಡಿಯಿತು.

ಎಂಥ ತಾಳ್ಮೆಯ ಹುಡುಗ, ಒಂದು ಮಾತೂ ಬೇಸರ ಮಾಡಿಕೊಳ್ಳಲಿಲ್ಲ ಎಂದು ನಾನು ಕೊಂಡಾಡಿದೆ. ಒಳ್ಳೇದಾತು ಅಂದನೇ ಎಂದು ಸುಚಿತ್ರಾ ಹುಬ್ಬು ಗಂಟಿಕ್ಕಿದಳು. ಆದರೆ ಯೋಚನೆ ಮಾಡುವ ಶಕ್ತಿ ನಮ್ಮಿಬ್ಬರಲ್ಲೂ ಉಳಿದಿರಲಿಲ್ಲ. ಇಳಿಜಾರು ಎದುರಿಗೇ ಬಾಯಿ ತೆರೆದು ನಿಂತಿತ್ತು.

ಇಳಿದದ್ದನ್ನು ವಿವರಿಸಲಾರೆ. ಸುಚಿತ್ರಾ ಸೆರಗು ಸಿಕ್ಕಿಸಿಕೊಂಡು ಮುಂದೆ ಮುಂದೆ ನಡೆದು ಕಲ್ಲು ಎತ್ತಿ ಪಕ್ಕಕ್ಕೆ ಹಾಕುತ್ತಿದ್ದಳು. ನಾನು ಎರಡೂ ಕಾಲು ಬ್ರೇಕಿನ ಮೇಲಿಟ್ಟು ಕುಲದೇವರನ್ನು ನೆನೆಯುತ್ತಿದ್ದೆ. ಚಿಕ್ಕ ಕಡ್ಡಿ ಎಳೆದೆ, ದೊಡ್ಡ ಕಡ್ಡಿ ಎಳೆದೆ, ಕೊನೆಗೆ ಯಾವುದು ಯಾವುದೆಂದೇ ಮರೆತುಹೋಯಿತು. ಕಣಿವೆಹಟ್ಟಿ ತಲುಪುವಾಗ ಹನ್ನೊಂದಾಗಿತ್ತು. ಇಬ್ಬರ ಮೈಮೇಲೂ ಕೆಂಪು ಧೂಳು.

ಚಪ್ಪರದ ಕೆಳಗೆ ಜಾತ್ರೆಯಷ್ಟು ಹೆಂಗಸರು ಕೂತಿದ್ದರು. ಮೂವತ್ತು ಜನ ಎಂದಿದ್ದ ಕಡೆ ಎಂಬತ್ತು. ಭೀಮೇಶ ನಗುನಗುತ್ತಾ ಓಡಿಬಂದು, ನೀವು ಬಳೆ ಹೆಚ್ಚಿಗೆ ತರುತ್ತಿದ್ದೀರಿ ಎಂದು ಆಚೆ ಕೇರಿಯವರನ್ನೂ ಕರೆದಿದ್ದೇನೆ ಎಂದ. ಬಂಗಾರಮ್ಮ ಎಲ್ಲಿ ಎಂದು ಕೇಳಿದರೆ, ಇನ್ನು ಬೇಡ ಎಂದು ಆಗಲೇ ಕಳಿಸಿಬಿಟ್ಟೆ, ಪಕ್ಕದ ತಾಂಡಾಕ್ಕೆ ಹೋದಳು ಎಂದ.

ಪಾಪ, ಅವನ ತಪ್ಪೇನು? ಅವನ ಪಾಲಿಗೆ ಹೆಚ್ಚು ಎಂದರೆ ಕೂಡುವುದು, ಕಡಿಮೆ ಎಂದರೆ ಕಳೆಯುವುದು. ಸುಚಿತ್ರಾ ಡಬ್ಬಿಯ ಮುಚ್ಚಳ ತೆಗೆದು ಉಡಚಮ್ಮನವರಿಗೆ ತೋರಿಸಿದಳು. ಅವರು ಒಳಗೆ ನೋಡಿದರು, ಹಣೆ ಚಚ್ಚಿಕೊಂಡರು, ಮಗನ ಕಡೆ ತಿರುಗಿದರು.

"ಹದಿನೇಳು ವರ್ಷ ಓದಿದ್ಯಲ್ಲೋ. ಬರೀ ಲೆಕ್ಕ ಕಲಿಸಿದ್ರೇನು ನಿನಗೆ, ಮಾತು ಕಲಿಸಲಿಲ್ವಾ?"

ಒಳಗೆ ಮಣೆಯ ಮೇಲೆ ಕೂತಿದ್ದ ಸಂಘಮಿತ್ರಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸುಚಿತ್ರಾ ಅವಳ ಮುಂದೆ ಹೋಗಿ ತಲೆ ತಗ್ಗಿಸಿ ನಿಂತಳು. ಆ ಹುಡುಗಿ ಚಿಕ್ಕಮ್ಮನ ಧೂಳು ಮೆತ್ತಿದ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ನೀ ಬಂದ್ಯಲ್ಲ ಚಿಕ್ಕಮ್ಮ, ನನ್ನ ತವರು ಬಂತು" ಎಂದಳು. ಇಬ್ಬರ ಕಣ್ಣೂ ತುಂಬಿದವು. ನಾನು ಅಲ್ಲಿ ನಿಲ್ಲಲಾರದೆ ಜೀಪು ಹತ್ತಿ ತಾಂಡಾದ ಕಡೆ ಓಡಿಸಿದೆ.

ಎರಡೇ ಕಿಲೋಮೀಟರು. ಬಂಗಾರಮ್ಮ ಬೇವಿನ ಮರದ ಕೆಳಗೆ ಬಳೆಗಳನ್ನು ಪೋಣಿಸಿದ ಮಲಾರ ಬಿಚ್ಚಿ ಕೂತಿದ್ದಳು. ನಾನು ಕೈಮುಗಿದು ಎಲ್ಲ ಹೇಳಿದೆ. ಅವಳಿಗೆ ಕನಿಕರ ಬಂದು ಗಂಟು ಕಟ್ಟಿದಳು. ಜೀಪಿನ ಹತ್ತಿರ ಬಂದವಳು ಹಿಂದಕ್ಕೆ ಬಗ್ಗಿ ನೋಡಿದಳು. ಡಬ್ಬಿಯಿಂದ ಸೋರಿದ ಹಸಿರು ಚೂರುಗಳು ಸ್ಟೆಪ್ನಿಯ ಸುತ್ತ ಮಿನುಗುತ್ತಿದ್ದವು. ಬಂಗಾರಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

"ಇದ್ರಾಗೆ ನನ್ನ ಮಾಲು ಹಾಕಾಕೆ ಆಗಲ್ಲ ಸ್ವಾಮಿ. ನಡ್ಕಂಡೇ ಬರ್ತೀನಿ, ನನ್ಗೆ ಮಂಡಿ ನೋವು ಐತೆ, ಹೊರೆ ನೀವು ಹೊತ್ಕಳ್ರಿ" ಎಂದಳು.

ವಾದ ಮಾಡಲು ಹೊತ್ತಿರಲಿಲ್ಲ. ನಾಲ್ಕು ಗಾಲಿಯ ಒಡೆಯನು ಜೀಪನ್ನು ಬೇವಿನ ಮರದ ಕೆಳಗೆ ಬಿಟ್ಟು, ಬಳೆಯ ಮಲಾರವನ್ನು ಹೆಗಲಿಗೇರಿಸಿ ಹೊರಟನು! ಮುಂದೆ ನಾನು, ಹಿಂದೆ ಕುಂಟುತ್ತಾ, ಅಲುಗಿಸಬ್ಯಾಡ್ರಿ ಎಂದು ಗದರುತ್ತಾ ಬಂಗಾರಮ್ಮ. ಬಿಸಿಲಿಗೆ ಕಣ್ಣು ಕತ್ತಲೆ ಬಂತು. ಸೊಂಟ ಎಂಬುದೊಂದು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ.

ಚಪ್ಪರದ ಬಾಯಿಗೆ ಬಂದಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಆಚೆ ಕೇರಿಯ ಬೊಮ್ಮಕ್ಕ ಎಂಬ ಮುದುಕಿ ನನ್ನ ಧೂಳಿನ ಅವತಾರ ನೋಡಿ ಮೊದಲಿಗಳಾಗಿ ಕೈ ಚಾಚಿ, ನನ್ನ ಕೈಗೆ ಸಣ್ಣ ಅಳತೆಯದು ತೊಡಿಸಪ್ಪ ಬಳೆಗಾರ ಎಂದಳು. ಚಪ್ಪರವೆಲ್ಲ ನಕ್ಕಿತು. ಉಡಚಮ್ಮನವರು ಅಂಗಳದ ನೆರಳು ನೋಡಿ, ಹೊತ್ತು ಇನ್ನೂ ಇದೆ ಎಂದು ತೀರ್ಪು ಕೊಟ್ಟರು.

ಅಷ್ಟರಲ್ಲಿ ಹಸಿರು ಸೀರೆ ಉಡಿಸಿದ್ದ ಸುಚಿತ್ರಾ ತನ್ನ ಕೈಯಾರೆ ಸಂಘಮಿತ್ರಾಳ ಕೈಗೆ ಮೊದಲ ಬಳೆ ಏರಿಸಿದಳು. ಮುಂಗೈ ತುಂಬುವವರೆಗೂ ಒಂದೊಂದೇ ಬಳೆಯನ್ನು ಬೆಳಕಿಗೆ ಹಿಡಿದು ನೋಡಿ ಏರಿಸಿದಳು. ಆಮೇಲೆ ಬಂಗಾರಮ್ಮ ಎಂಬತ್ತು ಜನಕ್ಕೂ ತೊಡಿಸಿ, ಕೊನೆಗೆ ಸುಚಿತ್ರಾಳನ್ನು ಕೂರಿಸಿಕೊಂಡು ಎರಡೂ ಕೈಗೆ ಡಜನ್ ಡಜನ್ ತೊಡಿಸಿದಳು.

ಊಟವಾಯಿತು. ಹೋಳಿಗೆ ತಿಂದ ಮೇಲೆ ನನಗೆ ಸ್ವಲ್ಪ ಧೈರ್ಯ ಮರಳಿತು. ಹೆಂಗಸರ ನಡುವೆ ಕೂತಿದ್ದ ಸುಚಿತ್ರಾಳ ಹತ್ತಿರ ಹೋಗಿ, ಹೊರಡೋಣವೇ, ಈ ಸಲ ಟಾರು ರಸ್ತೆಯಲ್ಲೇ ನಿಧಾನವಾಗಿ ಹೋಗೋಣ, ಜೀಪು ತಂದುಬಿಡುತ್ತೇನೆ ಎಂದು ವಿನಯದಿಂದಲೇ ಕೇಳಿದೆ.

ಅವಳು ಎರಡೂ ಕೈಯನ್ನು ನನ್ನ ಮುಂದೆ ಚಾಚಿದಳು.

"ಗಂಡ ಇರೋಳ ಕೈಬಳೆ ಹೆಚ್ಚಿದ್ರೆ ಯಾರಿಗೆ ಕೆಡುಕು, ಗೊತ್ತೈತಲ್ಲ ನಿಮಗೆ? ನಿಮ್ಮ ಆಯುಷ್ಯ ಗಟ್ಟಿ ಇರ್ಲಿ ಅಂತ ನಾನು ಬಸ್ಸಿಗೆ ಬರ್ತೀನಿ. ನೀವು ಜೀಪಿನಾಗೆ ಬರ್ರಿ."

ಗಂಡನ ಮೇಲೆ ಇಷ್ಟು ಜೀವ ಇಟ್ಟುಕೊಂಡವಳನ್ನು ತಾನು ಕಂಡೇ ಇಲ್ಲವೆಂದು ಬೊಮ್ಮಕ್ಕ ಅವಳಿಗೆ ದೃಷ್ಟಿ ತೆಗೆದಳು.