ತಿನ್ನದ ವಡೆಯ ದಾವೆ

ಮುದ್ದಕ್ಕ: ನಾನು ವಡೆ ತಿಂದಿಲ್ಲ. ಹಂಗೇ ಬರ್ಕಳ್ರಿ.

ಪಂಚಾಕ್ಷರಪ್ಪ: ತಿನ್ನದ ವಡೆಯಿಂದ ಹಲ್ಲು ಮುರೀತು ಅಂತ ಬರೆದ್ರೆ ಮುನಸೀಫರು ದಾವೇನ ನನ್ನ ಮುಖಕ್ಕೇ ಎಸೀತಾರಲ್ಲ, ಮುದ್ದಕ್ಕ.

ಮುದ್ದಕ್ಕ: ಹಲ್ಲು ಮುರಿದಿರೋದು ದಿಟ. ಕಲ್ಲು ಅವರದ್ದು ಅನ್ನೋದೂ ದಿಟ. ನಡುವಿಂದು ಕೋರ್ಟಿಗ್ಯಾಕೆ?

ಹಿರಿಯೂರಿನ ಕೋರ್ಟಿಗೆ ಎದುರಾಗಿದ್ದ ಕಚೇರಿಯಲ್ಲಿ ವಕೀಲ ಪಂಚಾಕ್ಷರಪ್ಪನವರು ಪೆನ್ನು ಹಿಡಿದು ಕುಳಿತಿದ್ದರು. ಬೆಳಗಿನಿಂದ ಒಂದು ಸಾಲೂ ಮುಂದೆ ಹೋಗಿರಲಿಲ್ಲ. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಹೆದ್ದಾರಿ ಪಕ್ಕ ನವಭೋಜನ ಕಂಪನಿಯ ದೊಡ್ಡ ಹೋಟೆಲು ತೆರೆದಿತ್ತು. ಆಡು ಮಾರಲು ಬಂದಿದ್ದ ಮುದ್ದಕ್ಕ ಗಂಡ ಜುಂಜಣ್ಣನ ಜೊತೆ ಅಲ್ಲಿಗೆ ಹೋಗಿ ಉದ್ದಿನ ವಡೆ ಕಚ್ಚಿದಳು. ಒಳಗಿದ್ದ ಕಲ್ಲಿಗೆ ಮುಂದಿನ ಹಲ್ಲು ಅರ್ಧಕ್ಕೆ ಮುರಿಯಿತು. ಕೇಳಿದ್ದಕ್ಕೆ ಅಲ್ಲಿನ ಮ್ಯಾನೇಜರು, ಬೆಂಗಳೂರಿನಿಂದ ಬೆಳಗಾವಿಯವರೆಗೆ ತಮ್ಮ ಹೋಟೆಲುಗಳಿವೆ, ಎಲ್ಲೂ ಕಲ್ಲು ಸಿಕ್ಕಿಲ್ಲ, ಇದನ್ನು ನೀವೇ ಹಟ್ಟಿಯಿಂದ ಬಾಯಲ್ಲಿಟ್ಟುಕೊಂಡು ಬಂದಿರಬೇಕು ಎಂದುಬಿಟ್ಟ. ಮಾರಿಕಣಿವೆ ದಾರಿಯ ತನ್ನ ಹಟ್ಟಿಯಲ್ಲಿ ಯಾರಿಂದಲೂ ಮಾತು ಕೇಳಿ ಅಭ್ಯಾಸವಿಲ್ಲದ ಮುದ್ದಕ್ಕ ಅಲ್ಲಿಯೇ ನಿಶ್ಚಯಿಸಿದಳು. ಕಂಪನಿಯ ಕಲ್ಲನ್ನು ಕಂಪನಿ ತನ್ನದೆಂದು ಒಪ್ಪಬೇಕು.

ತೊಡಕೆಂದರೆ ಸೊಸೆ ಯಲ್ಲಕ್ಕ. ಹಿಂದಿನ ವರ್ಷ ಆಕೆ ಪೇಟೆಯಲ್ಲಿ ಮಸಾಲೆ ದೋಸೆ ತಿಂದು ಬಂದಳೆಂದು ಮುದ್ದಕ್ಕ ಹಟ್ಟಿಗೆಲ್ಲ ಕೇಳುವಂತೆ ಬೈದಿದ್ದಳು. ಮನೆಯಲ್ಲಿ ಒಲೆ ಇಟ್ಟುಕೊಂಡು ಹೋಟೆಲಿಗೆ ಹೋಗುವ ಹೆಂಗಸಿಗೆ ಒಲೆಯಾದರೂ ಯಾಕೆ ಎಂದಿದ್ದಳು. ಅಂದಿನಿಂದ ಯಲ್ಲಕ್ಕ ಪೇಟೆಯಲ್ಲಿ ಟೀ ಕೂಡ ಕುಡಿದಿರಲಿಲ್ಲ. ಈಗ ಅತ್ತೆಯೇ ವಡೆ ತಿಂದಳೆಂದರೆ ಹಟ್ಟಿಯಲ್ಲಿ ತಲೆಯೆತ್ತಿ ತಿರುಗುವುದು ಹೇಗೆ?

ಪಂಚಾಕ್ಷರಪ್ಪ: ಜುಂಜಣ್ಣ, ನೀನು ಪಕ್ಕದಾಗೇ ಕುಂತಿದ್ಯಲ್ಲ. ಸಾಕ್ಷಿ ಹೇಳು.

ಜುಂಜಣ್ಣ: ಕುಂತಿದ್ದೆ ಸಾಮಿ. ಆದ್ರೆ ನೋಡ್ಲಿಲ್ಲ.

ಪಂಚಾಕ್ಷರಪ್ಪ: ಏನು ನೋಡ್ತಿದ್ದೆ ಮತ್ತೆ?

ಜುಂಜಣ್ಣ: ನನ್ನ ವಡೆ ನೋಡ್ತಿದ್ದೆ.

ಮುದ್ದಕ್ಕ: ಟಗರು ಗುದ್ದಿ ಹಲ್ಲು ಮುರೀತು ಅಂತ ಬರ್ಕಳ್ರಿ. ಮನೇಲೂ ಹಂಗೇ ಹೇಳೀನಿ.

ಪಂಚಾಕ್ಷರಪ್ಪ: ಹಂಗಾದ್ರೆ ಟಗರಿನ ಮಾಲೀಕನ ಮ್ಯಾಲೆ ದಾವೆ ಹಾಕಬೇಕಾಗ್ತದೆ. ಟಗರು ಯಾರದ್ದು?

ಜುಂಜಣ್ಣ: ನಮ್ದೇ.

ಪಂಚಾಕ್ಷರಪ್ಪ ಪೆನ್ನಿಗೆ ಮುಚ್ಚಳ ಹಾಕಿದರು. ಬೇಲಿ ಒತ್ತುವರಿ, ಬಾವಿಯ ಪಾಲು, ದಾರಿ ತಪ್ಪಿದ ಹೋತ, ಇಷ್ಟರಲ್ಲೇ ಅವರ ವಕೀಲಿ ಸವೆದಿತ್ತು. ಕಂಪನಿಯೊಂದನ್ನು ಕಟಕಟೆಗೆ ಎಳೆಯುವ ಯೋಗ ಇನ್ನೊಮ್ಮೆ ಬರುವಂತಿರಲಿಲ್ಲ. ಮುಚ್ಚಳವನ್ನು ಮತ್ತೆ ತೆಗೆದು, ದಾವೆ ಇಂಗ್ಲಿಷಿನಲ್ಲಿರುತ್ತದೆ, ವಡೆ ತಿಂದದ್ದು ಇಂಗ್ಲಿಷಿನಲ್ಲಷ್ಟೇ ಇರುತ್ತದೆ ಎಂದರು. ತಮ್ಮ ಹಟ್ಟಿಯಲ್ಲಿ ಆ ಭಾಷೆ ಬಲ್ಲವರು ಯಾರೂ ಇಲ್ಲವೆಂದು ಮನಸ್ಸಿನಲ್ಲೇ ಮನೆಮನೆ ಸುತ್ತಿ ಖಾತ್ರಿ ಮಾಡಿಕೊಂಡು, ಮುದ್ದಕ್ಕ ಹೆಬ್ಬೆಟ್ಟು ಒತ್ತಿದಳು.

ವಿಚಾರಣೆಯ ದಿನ ಯಲ್ಲಕ್ಕನೂ ಬುತ್ತಿ ಹಿಡಿದು ಬಂದಳು. ಅತ್ತೆಯ ಹಲ್ಲು ಮುರಿದ ಪಾಪಕ್ಕೆ ಟಗರನ್ನು ಬೇರೆ ಕಟ್ಟಿ, ಅದರ ಮೇವನ್ನೂ ಕಡಿಮೆ ಮಾಡಿದ್ದರು. ಕೇಸು ಅದರದ್ದೇ ಎಂದು ನಂಬಿ, ಅವಕಾಶ ಸಿಕ್ಕರೆ ಅದರ ಪರವಾಗಿ ಎರಡು ಮಾತು ಆಡಬೇಕೆಂದು ಬಂದಿದ್ದಳು. ಬೇಡವೆನ್ನಲು ಮುದ್ದಕ್ಕನಿಗೆ ನೆಪ ಸಿಗಲಿಲ್ಲ.

ಕಂಪನಿಯ ವಕೀಲರು ಬೆಂಗಳೂರಿನವರು. ದನಿ ಏರಿಸದ ಮನುಷ್ಯ.

ಕಂಪನಿ ವಕೀಲರು: ಅಮ್ಮ, ಆ ದಿನ ಬೆಳಿಗ್ಗೆ ಮನೆಯಲ್ಲಿ ಏನು ತಿಂದ್ರಿ?

ಮುದ್ದಕ್ಕ: ರಾಗಿ ರೊಟ್ಟಿ.

ಕಂಪನಿ ವಕೀಲರು: ರಾಗಿ ಆರಿಸಿದ್ದು ಯಾರು?

ಮುದ್ದಕ್ಕ: ನಮ್ಮ ಸೊಸೆ.

ಕಂಪನಿ ವಕೀಲರು: ಕಣದ ರಾಗಿ, ಕಲ್ಲು ಇದ್ದೇ ಇರುತ್ತೆ. ನಿಮ್ಮ ಸೊಸೆ ಸರಿಯಾಗಿ ನೋಡದೆ ಬಿಟ್ಟ ಕಲ್ಲಿಗೆ ಹಲ್ಲು ಮುರಿದಿದೆ. ನೀವು ನಮ್ಮ ಹೋಟೆಲಿನಲ್ಲಿ ಏನೂ ತಿನ್ನಲೇ ಇಲ್ಲ. ಹೌದು ಅನ್ನಿ, ಸಾಕು.

ತಿಂಗಳುಗಳಿಂದ ಮುದ್ದಕ್ಕ ಯಾರ ಬಾಯಿಂದಾದರೂ ಕೇಳಬೇಕೆಂದಿದ್ದ ಮಾತು ಇದೇ. ಹೌದು ಎಂದರೆ ಮಾನ ಉಳಿಸಿಕೊಂಡು ಮನೆಗೆ ಹೋಗಬಹುದು. ಪಂಚಾಕ್ಷರಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಮುದ್ದಕ್ಕ ಬಾಗಿಲ ಕಡೆ ನೋಡಿದಳು. ಯಲ್ಲಕ್ಕ ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು, ತಪ್ಪು ಮಾಡಿದವಳಂತೆ ತನ್ನ ಬೆರಳುಗಳನ್ನೇ ನೋಡುತ್ತಿದ್ದಳು.

ಮುದ್ದಕ್ಕ: ನಮ್ಮ ಯಲ್ಲಕ್ಕ ಆರಿಸಿದ ರಾಗೀಲಿ ಕಲ್ಲು ಇರಲ್ಲ. ಅವಳು ಮನೆಗೆ ಬಂದಾಗಿಂದ ನಾನು ಹುಡುಕ್ತಾನೇ ಇದೀನಿ. ಒಂದೂ ಸಿಕ್ಕಿಲ್ಲ.

ಕಂಪನಿ ವಕೀಲರು: ಹಾಗಾದರೆ?

ಮುದ್ದಕ್ಕ: ವಡೆ ತಿಂದೆ. ಮೂರು ತಿಂದೆ. ಮೂರನೇದ್ರಾಗೆ ಕಲ್ಲಿತ್ತು.

ಮುನಸೀಫರು ಕಾಗದ ತಿರುವಿ, ದಾವೆಯಲ್ಲಿ ಒಂದು ಎಂದಿದೆಯಲ್ಲ ಎಂದು ಕೇಳಿದರು.

ಮುದ್ದಕ್ಕ: ಅದು ಇಂಗ್ಲಿಷ್ನಾಗೆ, ಬುದ್ಧಿ.

ಅಂದು ಏನನ್ನೂ ನೋಡಿರದ ಜುಂಜಣ್ಣ ಹಿಂದಿನಿಂದ ಮೆಲ್ಲಗೆ "ನಾಲ್ಕು" ಎಂದ. ಮುನಸೀಫರು ಅದನ್ನೂ ಬರೆದುಕೊಂಡರು.

ಆ ಸಂಜೆ ಮನೆಗೆ ಬಂದವಳೇ ಯಲ್ಲಕ್ಕ ಟಗರನ್ನು ಬಿಚ್ಚಿ ಮಂದೆಗೆ ಬಿಟ್ಟಳು. ಬೇರೇನೂ ಅನ್ನಲಿಲ್ಲ. ಮರುದಿನವೂ ಅನ್ನಲಿಲ್ಲ. ಒಂದು ಕುಹಕದ ಮಾತು ಬಂದೇ ಬರುತ್ತದೆಂದು ಮುದ್ದಕ್ಕ ಅದಕ್ಕೆ ತಕ್ಕ ಉತ್ತರ ಹೊಂದಿಸಿಕೊಂಡು ಕಾದಳು. ರೊಟ್ಟಿ ಸೀದಿದೆ ಎಂದು ಕೆಣಕಿದಳು, ಸಾರು ನೀರಾಗಿದೆ ಎಂದಳು. ಯಲ್ಲಕ್ಕ ಬೇರೆ ರೊಟ್ಟಿ ಬಡಿದಳು. ಬೈಸಿಕೊಳ್ಳುವುದಕ್ಕಿಂತ ಬೈಸಿಕೊಳ್ಳದೆ ಇರುವುದು ಹೆಚ್ಚು ಕಷ್ಟವೆಂದು ಮುದ್ದಕ್ಕನಿಗೆ ಗೊತ್ತಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ತೀರ್ಪು ಬಂತು. ಕೇಳಲು ಯಲ್ಲಕ್ಕನೂ ಹಿರಿಯೂರಿಗೆ ಬಂದಿದ್ದಳು. ಕಲ್ಲು ಕಂಪನಿಯದೇ. ಚಿತ್ರದುರ್ಗದ ಹಲ್ಲಿನ ಡಾಕ್ಟರ ಹತ್ತಿರ ಕಂಪನಿಯೇ ಹಲ್ಲು ಕಟ್ಟಿಸಿಕೊಡಬೇಕು, ಕೋರ್ಟಿನ ಖರ್ಚನ್ನೂ ಹೊರಬೇಕು. ಕಲ್ಲು ಕಂಪನಿಯದು ಎಂಬ ಭಾಗವನ್ನು ಪಂಚಾಕ್ಷರಪ್ಪನವರು ಕನ್ನಡದಲ್ಲಿ ಹೇಳಿದರು. ಮುದ್ದಕ್ಕ ಇನ್ನೊಂದು ಸಲ ಹೇಳಿಸಿಕೊಂಡಳು. ಜುಂಜಣ್ಣ ಬೀಡಿ ತರುತ್ತೇನೆಂದು ಹೋದ. ಅತ್ತೆ ಸೊಸೆ ಇಬ್ಬರೇ ಬಸ್ಸಿನ ಕಡೆ ನಡೆದರು.

ಯಲ್ಲಕ್ಕ: ಅತ್ತೆ, ಇವತ್ತು ಬುತ್ತಿ ತರಲಿಲ್ಲ.

ಮುದ್ದಕ್ಕ: ಯಾಕೆ?

ಯಲ್ಲಕ್ಕ: ಮರ್ತೆ.

ಮದುವೆಯಾಗಿ ಬಂದಾಗಿನಿಂದ ಯಲ್ಲಕ್ಕ ಏನನ್ನಾದರೂ ಮರೆತದ್ದು ಮುದ್ದಕ್ಕನ ನೆನಪಿನಲ್ಲಿರಲಿಲ್ಲ. ಸೊಸೆಯ ಮುಖ ನೋಡಿದಳು. ಅಲ್ಲಿ ಏನೂ ಕಾಣಲಿಲ್ಲ. ಬಸ್ ಸ್ಟ್ಯಾಂಡಿನ ಪಕ್ಕದ ಸಣ್ಣ ಹೋಟೆಲಿಗೆ ತಾನೇ ಮುಂದಾಗಿ ನುಗ್ಗಿ, ಗೋಡೆಗೆ ಮುಖ ಮಾಡಿ ಕುಳಿತಳು. ಒಂದು ವಡೆ ತರಿಸಿ ಸೊಸೆಯ ಕಡೆ ತಳ್ಳಿದಳು.

ಮುದ್ದಕ್ಕ: ಮೊದ್ಲು ನೀನು ಕಚ್ಚು. ನಂಗೆ ಈಗ ಇರೋದೇ ಕಮ್ಮಿ.

ಯಲ್ಲಕ್ಕ ಕಚ್ಚಿದಳು. ನಿಧಾನವಾಗಿ ಅಗಿದಳು. ಚಟ್ನಿಯನ್ನೂ ಮುಗಿಸಿದಳು. ಮುದ್ದಕ್ಕ ಅವಳ ದವಡೆಯನ್ನೇ ನೋಡುತ್ತ ಕಾದಳು.

ಮುದ್ದಕ್ಕ: ಕಲ್ಲು ಐತೇನು?

ಯಲ್ಲಕ್ಕ: ಇದ್ರಾಗಿಲ್ಲ ಅತ್ತೆ. ಇನ್ನೆರಡು ತರ್ಸ್ರಿ, ಪೂರ್ತಿ ನೋಡೇ ಹೇಳ್ತೀನಿ.